ಸೆಲ್ಫ್ ಹೊಡೆಯುವ ಮೊದಲು: ಕಾರಿನ ಎಂಜಿನ್ ಕೈಯಿಂದ ತಿರುಗಿಸುವುದು ಹೇಗೆ

ಮುಂಬೈ ಕನ್ನಡಿಗರ ಕಾರುಗಳಿಗೆ ಒಂದು ಮಾಮೂಲಿ ಕಾಯಿಲೆ ಇದೆ. ಮಾಟುಂಗಾ ಆಗಲಿ, ಮುಲುಂಡ್ ಆಗಲಿ, ಡೊಂಬಿವಲಿ ಆಗಲಿ, ಮೇ ರಜೆ ಬಂತೆಂದರೆ ಗಾಡಿಗೆ ಕವರ್ ಹಾಕಿ ಕುಂದಾಪುರ, ಉಡುಪಿ ಕಡೆಗೆ ರೈಲು ಹತ್ತುತ್ತೇವೆ. ವಾಪಸ್ ಬರುವಷ್ಟರಲ್ಲಿ ಮಳೆ ಶುರು. ಲೋಕಲ್ ಇದೆಯಲ್ಲ, ಈ ನೀರಲ್ಲಿ ಕಾರು ಯಾಕೆ ಅಂತ ಹಾಗೇ ಬಿಟ್ಟುಬಿಡುತ್ತೇವೆ. ಗಣಪತಿ ಹಬ್ಬಕ್ಕೆ ಕವರ್ ಎಳೆದು ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಎಂಜಿನ್ ಮಿಸುಕುವುದಿಲ್ಲ.

ಹೆಚ್ಚಿನ ಸಲ ತಪ್ಪು ಬ್ಯಾಟರಿಯದ್ದು. ಹಾಗಂತ ನೇರವಾಗಿ ಪಕ್ಕದ ಗಾಡಿಯಿಂದ ಜಂಪ್ ಕೇಬಲ್ ಹಾಕಬೇಡಿ. ಕಾರಣ ಬೇರೆಯೂ ಇರಬಹುದು. ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ತೇವ ಸೇರಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕು ಹಿಡಿದು ಅಂಟಿರಬಹುದು. ಅಥವಾ ಪಾರ್ಕಿಂಗ್‌ನಲ್ಲಿ ನೀರು ನಿಂತು ಎಂಜಿನ್ ಒಳಗೇ ಹೋಗಿರಬಹುದು. ಈ ಎರಡರಲ್ಲಿ ಯಾವುದಾದರೂ ಆಗಿದ್ದರೆ ಸೆಲ್ಫ್ ಹೊಡೆದಷ್ಟೂ ಹಾನಿ ಜಾಸ್ತಿ. ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ ಹತ್ತು ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ.

ಸೆಲ್ಫ್‌ಗೆ ಗೊತ್ತಾಗದ್ದು ಕೈಗೆ ಗೊತ್ತಾಗುತ್ತದೆ

ಸೆಲ್ಫ್ ಮೋಟರಿನ ಚಿಕ್ಕ ಹಲ್ಲಿನ ಚಕ್ರ ಫ್ಲೈವೀಲಿನ ದೊಡ್ಡ ಹಲ್ಲಿನ ಬಳೆಯನ್ನು ತಿರುಗಿಸುತ್ತದೆ. ಹಾಗಾಗಿ ಅದರ ಬಲ ಹತ್ತು ಪಟ್ಟಿಗಿಂತ ಹೆಚ್ಚಾಗಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳಿಗೆ ಜೋಡಿಸಿರುವ ಎಂಜಿನ್ನಿನ ಮುಖ್ಯ ದಂಡದ ಮೇಲೆ ಬೀಳುತ್ತದೆ. ಅದಕ್ಕೆ ಎದುರು ಏನಿದೆ ಅಂತ ಗೊತ್ತಾಗುವುದಿಲ್ಲ, ಸುಮ್ನೆ ನೂಕುತ್ತದೆ.

ಒಂದು ಲೆಕ್ಕ ನೋಡಿ. ಮಾರುತಿ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಅಂದರೆ ಒಂದೊಂದು ಸುಮಾರು 265 ಸಿಸಿ. ಕಂಪ್ರೆಶನ್ (ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಹತ್ತಿರ ಹತ್ತಿರ 9:1 ಅಂತ ಹಿಡಿದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಬರೀ 33 ಮಿ.ಲೀ. ಒಂದು ಕಟಿಂಗ್ ಚಾಯ್‌ಗಿಂತಲೂ ಕಡಿಮೆ! ಅದಕ್ಕಿಂತ ಜಾಸ್ತಿ ನೀರು ಒಳಗಿದ್ದು, ಎರಡೂ ವಾಲ್ವ್ ಮುಚ್ಚಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಆಗ ಸೆಲ್ಫ್ ನೂಕಿದರೆ ಬಗ್ಗುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್.

ಡೀಸೆಲ್‌ನಲ್ಲಿ ಜಾಗ ಇನ್ನೂ ಕಡಿಮೆ. ಸ್ವಿಫ್ಟ್ ಡಿಸೈರ್, ಇಂಡಿಕಾ ವಿಸ್ಟಾ ಹೀಗೆ ಹಲವು ಗಾಡಿಗಳಲ್ಲಿ ಬಂದ 1248 ಸಿಸಿ ಎಂಜಿನ್ ತೆಗೆದುಕೊಂಡರೆ, 17:1 ಲೆಕ್ಕದಲ್ಲಿ ಒಂದು ಸಿಲಿಂಡರಿನ ಮೇಲೆ ಉಳಿಯುವುದು ಸುಮಾರು 20 ಮಿ.ಲೀ. ಅಷ್ಟೇ. ಅದಕ್ಕೇ ನೀರಲ್ಲಿ ನಿಂತ ಡೀಸೆಲ್ ಗಾಡಿ ಅಂದರೆ ಮಿಸ್ತ್ರಿಗಳು ಮೊದಲು ಕೀ ಕಿತ್ತುಕೊಳ್ಳುತ್ತಾರೆ.

ಏನೇನು ಬೇಕು

ಅರ್ಧ ಇಂಚಿನ ರ‍್ಯಾಚೆಟ್ ಅಥವಾ ಸುಮಾರು ಒಂದೂವರೆ ಅಡಿಯ ರಾಡ್. ಒಂದು ಎಕ್ಸ್‌ಟೆನ್ಶನ್. ಕ್ರ್ಯಾಂಕಿನ ತುದಿಯಲ್ಲಿ ಬೆಲ್ಟ್ ಓಡುವ ಚಕ್ರ ಇದೆಯಲ್ಲ, ಆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸರಿಹೊಂದುವ ಗೋಟಿ (ಸಾಕೆಟ್): ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ 17, 19, 21, 22 ಮಿ.ಮೀ. ಇವುಗಳಲ್ಲಿ ಒಂದಿರುತ್ತದೆ. ಆರು ಮೂಲೆಯ ಗೋಟಿಯೇ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದ್ದು ಬಿಗಿಯಾದ ಬೋಲ್ಟಿನ ಅಂಚು ತಿನ್ನುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಲು 16 ಅಥವಾ 21ರ ಪ್ಲಗ್ ಪಾನಾ. ಟಾರ್ಚ್, ಹಳೇ ಬಟ್ಟೆ, ವೈಟ್ನರ್ ಬಾಟಲಿ, ಒಂದು ಉದ್ದದ ಪ್ಲಾಸ್ಟಿಕ್ ಸ್ಟ್ರಾ. ಸೆಟ್ ಇಲ್ಲದವರು ಮಸ್ಜಿದ್ ಬಂದರ್ ಕಡೆಯ ನಾಗದೇವಿ ಸ್ಟ್ರೀಟ್‌ಗೆ ಹೋಗಿ ಬರಬಹುದು. ಪೂರ್ತಿ ಡಬ್ಬಿ ಕೊಳ್ಳಬೇಕಿಲ್ಲ, ಗೋಟಿಯನ್ನು ಬಿಡಿಯಾಗಿ ಕೇಳಿ.

ಉದ್ದದ ಪೈಪ್ ಬೇಡ. ಒಂದೂವರೆ ಅಡಿಯ ರಾಡಿಗೆ ಬಗ್ಗದ ಎಂಜಿನ್ನಿಗೆ ಪೈಪ್ ಸಿಕ್ಕಿಸಿ ಬಗ್ಗಿಸಿದರೆ, ಏನೋ ಒಂದು ಮುರಿಯುತ್ತದೆ. ಯಾವುದು ಅನ್ನುವುದಷ್ಟೇ ಪ್ರಶ್ನೆ.

ಗಾಡಿಯನ್ನು ಸುಮ್ಮನಾಗಿಸಿ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಪ್ಲಗ್ ಕೂರುವ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂನದ್ದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರುವ ಭಯ.

ಕೀ ತೆಗೆದು ಜೇಬಿಗೆ ಹಾಕಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಯನ್ನು ಮನೆಯಲ್ಲೇ ಇಟ್ಟು ಬನ್ನಿ. ನಂತರ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿ. ಇದನ್ನು ಬಿಡಬೇಡಿ. ಇಗ್ನಿಷನ್ ಆನ್ ಇದ್ದರೆ ಕೈಯಿಂದ ತಿರುಗಿಸುವಾಗಲೂ ಕಿಡಿ ಹಾರಬಹುದು. ಒಂದೇ ಒಂದು ಸಿಲಿಂಡರ್ ಉರಿದರೂ ಸಾಕು, ರಾಡ್ ನಿಮ್ಮ ಮೊಣಕೈಗೆ ಬಂದು ಬಡಿಯುತ್ತದೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಗಳಿಗೆ ಕಲ್ಲು ಕೊಡಿ. ಸೊಸೈಟಿ ಪಾರ್ಕಿಂಗ್ ನೆಲ ನೋಡಲು ಸಮ ಕಾಣುತ್ತದೆ. ಆದರೆ ನೀರು ಹರಿದು ಹೋಗಲಿ ಅಂತ ಗಟಾರದ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟೇ ಕೊಟ್ಟಿರುತ್ತಾರೆ.

ಪ್ಲಗ್ ಬಿಚ್ಚುವುದು

ಪ್ಲಗ್ ಬಿಚ್ಚದೆಯೂ ತಿರುಗಿಸಬಹುದು. ಆದರೆ ಬಹಳ ದಿನ ನಿಂತ ಗಾಡಿಗೆ, ನೀರು ಕುಡಿದ ಗಾಡಿಗೆ ಪ್ಲಗ್ ಬಿಚ್ಚಲೇಬೇಕು. ಗಾಳಿ ಒತ್ತುವ ಕೆಲಸ ತಪ್ಪುವುದರಿಂದ ಎಂಜಿನ್ ಹಗುರವಾಗುತ್ತದೆ. ಒಳಗೆ ನೀರೋ ಎಣ್ಣೆಯೋ ಇದ್ದರೆ ಹೊರಗೆ ಬರಲು ದಾರಿಯೂ ಸಿಗುತ್ತದೆ.

ಮೊದಲು ಪ್ಲಗ್ಗಿನ ಸುತ್ತ ಕೂತ ಧೂಳು ಊದಿ ತೆಗೆಯಿರಿ. ಹೊಸ ಎಂಜಿನ್‌ಗಳಲ್ಲಿ ಪ್ಲಗ್ ಆಳದ ಗುಂಡಿಯಲ್ಲಿ ಕೂತಿರುತ್ತದೆ. ಮಳೆನೀರು, ಮರಳು ಅಲ್ಲೇ ಸೇರುತ್ತದೆ. ಹಾಗೇ ಬಿಚ್ಚಿದರೆ ಎಲ್ಲ ಸಿಲಿಂಡರಿಗೆ ಬೀಳುತ್ತದೆ. ಹಳೆಯ ಗಾಡಿಯಲ್ಲಿ ತಂತಿಗಳನ್ನು ಕೀಳುವ ಮುಂಚೆ ಟೇಪ್ ಅಂಟಿಸಿ 1, 2, 3 ಅಂತ ಬರೆಯಿರಿ. ಹೊಸ ಗಾಡಿಯಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದು ಕಾಯಿಲ್ ಇರುತ್ತದೆ. ಕನೆಕ್ಟರಿನ ಲಾಕ್ ಒತ್ತಿ, ಸಾಮಾನ್ಯವಾಗಿ 10ರ ಬೋಲ್ಟ್ ಬಿಚ್ಚಿ, ನೇರವಾಗಿ ಮೇಲಕ್ಕೆ ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ.

ಬಿಚ್ಚಿದ ಪ್ಲಗ್ಗುಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ನೋಡಿ. ಒಂದರ ತುದಿಯಲ್ಲಿ ನೀರಿನ ಹನಿಯೋ ಕೆಂಪು ತುಕ್ಕೋ ಇದ್ದರೆ ಆ ಸಿಲಿಂಡರ್ ಮೇಲೆ ಕಣ್ಣಿಡಿ. ನಟ್ಟೋ ವಾಷರೋ ಬೀಳದ ಹಾಗೆ ತೂತುಗಳ ಮೇಲೆ ಬಟ್ಟೆ ಹಾಸಿ.

ಡೀಸೆಲ್‌ನವರಿಗೆ ಒಂದು ಮಾತು. ನಿಮ್ಮ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಬದಲು ಬಿಸಿ ಮಾಡುವ ಗ್ಲೋ ಪ್ಲಗ್ ಇರುತ್ತದೆ, ಅದನ್ನು ನೀವೇ ಬಿಚ್ಚಲು ಹೋಗಬೇಡಿ. ಅವು ಸಪೂರ, ಮಸಿ ಹಿಡಿದು ಕೂತಿರುತ್ತವೆ. ತಲೆ ಮುರಿದರೆ ಹೆಡ್ಡೇ ಇಳಿಸಬೇಕಾದೀತು. ನೀರು ಹೋಗಿದೆ ಅಂತ ಅನುಮಾನ ಇದ್ದರೆ ಟೋ ಮಾಡಿಸಿ, ಮಿಸ್ತ್ರಿಗೆ ಬಿಡಿ. ಸುಮ್ಮನೆ ನಿಂತ ಗಾಡಿಯಾದರೆ ಗ್ಲೋ ಪ್ಲಗ್ ಅಲ್ಲೇ ಇದ್ದಂತೆ ತುಂಬ ನಿಧಾನಕ್ಕೆ ತಿರುಗಿಸಬಹುದು. ಗಟ್ಟಿಯಾಗಿರುತ್ತದೆ, ಅಷ್ಟೇ.

ಪುಲ್ಲಿ ಬೋಲ್ಟ್ ಎಲ್ಲಿದೆ?

ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ. ಬೆಲ್ಟ್ ಓಡುವ ಬದಿಯ ಮುಂದಿನ ಚಕ್ರದ ಹಿಂದೆ, ಎಲ್ಲಕ್ಕಿಂತ ಕೆಳಗಿನ ದೊಡ್ಡ ಪುಲ್ಲಿಯ ನಡುವೆ ಆ ಬೋಲ್ಟ್ ಇರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕೆಲವದರಲ್ಲಿ ಕೈ ಹೋಗುತ್ತದೆ. ಇಲ್ಲದಿದ್ದರೆ ಆ ಬದಿ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವಚ ಸರಿಸಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಯಾವ ಕಡೆ ತಿರುಗಿಸಬೇಕು? ಪುಲ್ಲಿಗೆ ಮುಖ ಮಾಡಿ ನಿಂತರೆ ಗಡಿಯಾರದ ಮುಳ್ಳು ತಿರುಗುವ ಕಡೆ. ಬಹುಪಾಲು ಎಂಜಿನ್ನುಗಳೆಲ್ಲ ಹೀಗೇ. ಹಳೆಯ ಹೋಂಡಾಗಳಲ್ಲಿ ಕೆಲವು ಉಲ್ಟಾ ತಿರುಗುತ್ತವೆ. ಹಳೇ ಸಿಟಿ ಇಟ್ಟುಕೊಂಡವರು ಗಾಡಿಯ ಪುಸ್ತಕ ನೋಡಿಯೇ ಕೈ ಹಾಕಿ.

ಹಿಂದಕ್ಕೆ ತಿರುಗಿಸಬಾರದು ಅನ್ನುವುದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟಿನ ಸಡಿಲ ಬದಿಯಲ್ಲಿ, ಅದನ್ನು ಬಿಗಿಯಾಗಿಡುವ ಟೆನ್ಶನರ್ ಇರುತ್ತದೆ. ಹಿಂದಕ್ಕೆ ತಿರುಗಿಸಿದಾಗ ಎಳೆತ ಆ ಬದಿಗೆ ಬರುತ್ತದೆ. ಬೆಲ್ಟ್ ಹಳೆಯದಾಗಿದ್ದರೆ ಒಂದು ಹಲ್ಲು ಜಾರಬಹುದು. ಚೈನ್ ಇದ್ದರೂ, ಎಣ್ಣೆಯ ಒತ್ತಡದಿಂದ ನಿಲ್ಲುವ ಅದರ ಟೆನ್ಶನರ್ ಬಹಳ ದಿನ ನಿಂತ ಗಾಡಿಯಲ್ಲಿ ಸಡಿಲವಾಗಿರುತ್ತದೆ. ಇನ್ನೊಂದು ಕಾರಣ, ಹಿಂದಕ್ಕೆ ಒತ್ತಿದರೆ ಎಂಜಿನ್ ಬದಲು ಬೋಲ್ಟೇ ಬಿಚ್ಚಿಕೊಳ್ಳಬಹುದು. ಕ್ಯಾಮ್‌ಶಾಫ್ಟಿನ ಬೋಲ್ಟ್ ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಅದನ್ನು ಹಿಡಿದು ತಿರುಗಿಸುವವರೂ ಇದ್ದಾರೆ. ಅದು ಬೇಡ. ಇಡೀ ಎಂಜಿನ್ನಿನ ಭಾರ ಬೆಲ್ಟಿನ ಮೇಲೆ ಬೀಳುತ್ತದೆ.

ಈಗ ತಿರುಗಿಸಿ

ವೈಟ್ನರ್‌ನಿಂದ ಪುಲ್ಲಿಯ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಅದರ ಎದುರಿಗೆ ಕವಚದ ಮೇಲೂ ಒಂದು ಗೆರೆ. ಎಷ್ಟು ತಿರುಗಿತು ಅಂತ ಊಹೆ ಮಾಡುವುದು ತಪ್ಪುತ್ತದೆ.

ಗೋಟಿಯನ್ನು ಬೋಲ್ಟಿನ ಮೇಲೆ ಪೂರ್ತಿ ಕೂರಿಸಿ. ರಾಡ್ ಹಿಡಿದು ನಿಧಾನವಾಗಿ ಎಳೆಯಿರಿ. ನೂಕುವುದಕ್ಕಿಂತ ಎಳೆಯುವುದು ಒಳ್ಳೆಯದು, ಗೋಟಿ ಜಾರಿದರೆ ಗೆಣ್ಣು ರೇಡಿಯೇಟರಿಗೆ ಬಡಿಯುವುದಿಲ್ಲ. ಬೋಲ್ಟ್ ತಿರುಗಿದರೆ ಸಾಲದು, ಪುಲ್ಲಿಯ ಬಿಳಿ ಗೆರೆಯೂ ಜತೆಗೇ ಸರಿಯಬೇಕು.

ಒಟ್ಟು ಎರಡು ಸುತ್ತು. ಒಂದು ಸಾಲದು. ಫೋರ್ ಸ್ಟ್ರೋಕ್ ಎಂಜಿನ್ನಿನ ಎಲ್ಲ ಸಿಲಿಂಡರುಗಳೂ ತಮ್ಮ ನಾಲ್ಕು ಕೆಲಸ ಮುಗಿಸಲು ಕ್ರ್ಯಾಂಕ್ ಎರಡು ಸುತ್ತು ಬರಬೇಕು. ಮೊದಲ ಸುತ್ತಿನಲ್ಲಿ ಸುಮ್ಮನಿದ್ದ ತೊಂದರೆ ಎರಡನೆಯದರಲ್ಲಿ ಎದುರಾಗಬಹುದು.

ಇನ್ನು ಕೈಗೆ ಏನು ಗೊತ್ತಾಗುತ್ತದೆ ಅನ್ನುವುದು. ಇಡೀ ಕೆಲಸದಲ್ಲಿ ಕಲಿಯಬೇಕಾದದ್ದು ಇದೇ.

ಪ್ಲಗ್ ಬಿಚ್ಚಿದ ಒಳ್ಳೆಯ ಎಂಜಿನ್ ಒಂದೇ ಕೈಗೆ ಬರುತ್ತದೆ. ಎಣ್ಣೆಯ ಹದವಾದ ಬಿಗಿ ಇರುತ್ತದೆ. ಅಲ್ಲಲ್ಲಿ ಸ್ವಲ್ಪ ಬಿಗಿಯಾಗಿ, ತಕ್ಷಣ ರಾಡ್ ತಾನೇ ಒಂದಿಷ್ಟು ಮುಂದಕ್ಕೆ ಜಾರಿದ ಹಾಗಾಗುತ್ತದೆ. ಅದು ವಾಲ್ವ್ ಸ್ಪ್ರಿಂಗಿನ ಕೆಲಸ, ಹೆದರಬೇಡಿ. ಪ್ಲಗ್ ತೂತುಗಳಿಂದ ಒಂದಾದ ಮೇಲೊಂದು 'ಫುಸ್' ಅಂತ ಗಾಳಿ ಬರುತ್ತದೆ. ಮೂರು ಸಿಲಿಂಡರಿನ ಮಾರುತಿಯಲ್ಲಿ 1, 3, 2ರ ಕ್ರಮದಲ್ಲಿ, ನಾಲ್ಕು ಸಿಲಿಂಡರಿನ ಹೆಚ್ಚಿನ ಗಾಡಿಗಳಲ್ಲಿ 1, 3, 4, 2ರ ಕ್ರಮದಲ್ಲಿ.

ಪ್ಲಗ್ ಹಾಕಿಯೇ ತಿರುಗಿಸಿದರೆ ನಾಲ್ಕು ಸಿಲಿಂಡರಿನಲ್ಲಿ ಪ್ರತಿ ಅರ್ಧ ಸುತ್ತಿಗೆ, ಮೂರು ಸಿಲಿಂಡರಿನಲ್ಲಿ ಪ್ರತಿ ಮೂರನೇ ಎರಡರಷ್ಟು ಸುತ್ತಿಗೆ ಗಟ್ಟಿಯಾಗುತ್ತದೆ. ಅದು ಕಂಪ್ರೆಶನ್. ಅದರ ಗುಣ ಏನೆಂದರೆ ಅದು ಮೆಲ್ಲಗೆ ಬಿಗಿಯಾಗುತ್ತಾ ಹೋಗುತ್ತದೆ, ರಾಡನ್ನು ವಾಪಸ್ ತಳ್ಳುತ್ತದೆ. ಕೈ ಹಾಗೇ ಇಟ್ಟು ನಾಲ್ಕೈದು ಸೆಕೆಂಡ್ ಕಾಯಿರಿ. ಗಾಳಿ ರಿಂಗುಗಳ ಸಂದಿಯಿಂದ ಸಣ್ಣಗೆ ಸೋರುವುದು ಕೇಳುತ್ತದೆ, ಬಿಗಿ ಕಡಿಮೆಯಾಗುತ್ತದೆ, ಎಂಜಿನ್ ಮುಂದೆ ಹೋಗುತ್ತದೆ.

ಕಾಯ್ದರೂ ಕಡಿಮೆಯಾಗದ, ಸ್ವಲ್ಪವೂ ಪುಟಿಯದ, ಒಮ್ಮೆಲೇ ನಿಂತುಬಿಡುವ ತಡೆ ಬೇರೆಯದ್ದು. ಅಲ್ಲಿ ಕೈ ಬಿಡಿ. ಒಂದು ಗೆರೆಯೂ ಮುಂದೆ ಒತ್ತಬೇಡಿ. ಅದು ನೀರಿರಬಹುದು. ಬೆಲ್ಟ್ ಜಾರಿ ಪಿಸ್ಟನ್ನಿಗೆ ತಾಗಿದ ವಾಲ್ವ್ ಇರಬಹುದು. ಒಳಗೆ ಬಿದ್ದ ನಟ್ಟಿರಬಹುದು. ವೈಟ್ನರ್ ಗೆರೆ ಎಲ್ಲಿ ನಿಂತಿತು ಅಂತ ಫೋನಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ, ಎಲ್ಲಿ ನಿಂತಿತು ಅನ್ನುವುದರ ಮೇಲೆ ಯಾವ ಸಿಲಿಂಡರ್ ಅಂತ ಮಿಸ್ತ್ರಿ ಅಂದಾಜು ಮಾಡುತ್ತಾನೆ.

ತಿರುಗುತ್ತದೆ, ಆದರೆ ಮರಳು ಅರೆದ ಹಾಗೆ ಕರಕರ ಅನ್ನುತ್ತದೆ ಅಂದರೆ ಸಿಲಿಂಡರ್ ಗೋಡೆಯಲ್ಲಿ ತುಕ್ಕು ಇದೆ, ಇಲ್ಲವೇ ಬೇರಿಂಗ್ ಹೋಗಿದೆ. ಎಲ್ಲ ಸಿಲಿಂಡರಿನಲ್ಲೂ ಗಟ್ಟಿ, ಒಂದರಲ್ಲಿ ಮಾತ್ರ ಹಗುರ ಅಂದರೆ ಆ ಸಿಲಿಂಡರಿನ ವಾಲ್ವೋ ರಿಂಗೋ ಗಾಳಿ ಹಿಡಿಯುತ್ತಿಲ್ಲ. ಕಂಪ್ರೆಶನ್ ಗೇಜ್ ಇಲ್ಲದೆಯೇ ಇಷ್ಟು ತಿಳಿಯುತ್ತದೆ.

ಕುರ್ಲಾದ ಸಿ.ಎಸ್.ಟಿ. ರೋಡ್ ಬಳಿ ಕೆಲಸ ಮಾಡುವ ಕಲಬುರಗಿ ಕಡೆಯ ಒಬ್ಬ ಮಿಸ್ತ್ರಿ ನನಗೆ ಹೇಳಿದ್ದು ಇಷ್ಟೇ: "ಕೈಗೆ ಹಗೂರ ಬಂದ್ರ ಸೆಲ್ಫ್ ಹೊಡೀರಿ ಸರ. ಇಲ್ಲಾಂದ್ರ ಅಲ್ಲೇ ಬಿಡ್ರಿ, ನಾ ಬರ್ತೀನಿ."

ಬೋಲ್ಟಿಗೆ ಕೈ ಹೋಗದಿದ್ದರೆ

ಸ್ಟ್ಯಾಕ್ ಪಾರ್ಕಿಂಗ್‌ನಲ್ಲಿ, ಎರಡು ಗಾಡಿ ನಡುವೆ ಒಂದಡಿಯೂ ಜಾಗ ಇಲ್ಲದ ಕಡೆ ಚಕ್ರ ಬಿಚ್ಚುವುದು ಕನಸಿನ ಮಾತು. ಮ್ಯಾನ್ಯುಯಲ್ ಗೇರ್ ಇದ್ದರೆ ಬೇರೆ ದಾರಿ ಇದೆ.

ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಕಲ್ಲು ತೆಗೆದು, ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ನೂಕಿ. ಒಳಗೆ ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಕೂತಿರಲಿ. ಸ್ಟೀರಿಂಗ್ ಲಾಕ್ ಬಿಡಿಸಲು ಕೀ ಬೇಕಾಗುತ್ತದೆ. ಮೊದಲ ಹಂತಕ್ಕೆ ಮಾತ್ರ ತಿರುಗಿಸಿ, ಬ್ಯಾಟರಿ ಹೇಗೂ ಬಿಚ್ಚಿದೆ. ಚಿಕ್ಕ ಗೇರಿನಲ್ಲಿ ನೂಕಿದರೆ ಜಗ್ಗುವುದಿಲ್ಲ, ಟಾಪ್ ಗೇರೇ ಆಗಬೇಕು. ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಹಿಂದಕ್ಕೆ ನೂಕಿದರೆ ಎಂಜಿನ್ ಉಲ್ಟಾ ತಿರುಗುತ್ತದೆ. ಹಿಂದಕ್ಕೆ ಮಾತ್ರ ಜಾಗ ಇದೆ ಅನ್ನುವವರು ರಿವರ್ಸ್ ಗೇರ್ ಹಾಕಿ ಹಿಂದಕ್ಕೆ ನೂಕಬೇಕು. ಆಗ ಎಂಜಿನ್ ಸರಿಯಾದ ದಿಕ್ಕಿಗೇ ತಿರುಗುತ್ತದೆ. ಕಷ್ಟ ಜಾಸ್ತಿ, ಇಬ್ಬರು ಗಟ್ಟಿಗರು ಬೇಕು.

ಇನ್ನೊಂದು ದಾರಿ, ಒಂದೇ ಒಂದು ಡ್ರೈವ್ ಚಕ್ರವನ್ನು ಜಾಕ್ ಮತ್ತು ಸ್ಟ್ಯಾಂಡಿನ ಮೇಲೆ ಎತ್ತಿ, ಟಾಪ್ ಗೇರ್ ಹಾಕಿ, ಆ ಚಕ್ರವನ್ನೇ ಕೈಯಿಂದ ಮುಂದಕ್ಕೆ ತಿರುಗಿಸುವುದು. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ, ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ಅನುಪಾತ ಸುಮಾರು 4 ಇದ್ದು, ಟಾಪ್ ಗೇರ್ 1ರ ಹತ್ತಿರ ಇದ್ದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಎರಡು ಸುತ್ತು. ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ! ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರ ಹಿಡಿದಿರುವುದರಿಂದ ಗಾಡಿ ಭದ್ರ. ಆದರೆ ಓಮ್ನಿ, ಈಕೋ, ಬೊಲೆರೊ ಥರ ಹಿಂದಿನ ಚಕ್ರ ನೂಕುವ ಗಾಡಿಯಲ್ಲಿ ಆ ಚಕ್ರ ತಿರುಗಬೇಕಾದರೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. ಮುಂದಿನ ಎರಡೂ ಚಕ್ರಕ್ಕೆ ಎರಡೂ ಬದಿಯಿಂದ ಗಟ್ಟಿ ಕಲ್ಲು ಕೊಡದೆ ಇದಕ್ಕೆ ಕೈ ಹಾಕಬೇಡಿ.

ಆಟೋಮ್ಯಾಟಿಕ್ ಗಾಡಿಗೆ ಇವೆರಡೂ ನಡೆಯುವುದಿಲ್ಲ. ಟಾರ್ಕ್ ಕನ್ವರ್ಟರ್ ಇರುವಲ್ಲಿ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಇರುವುದು ಬರೀ ಎಣ್ಣೆ. ಪುಲ್ಲಿ ಬೋಲ್ಟ್ ಒಂದೇ ಗತಿ.

ಹ್ಯಾಂಡಲ್ ಇರುವ ಹಳೇ ಗಾಡಿ

ಕುರ್ಲಾದಲ್ಲೇ ತಯಾರಾದ ಪ್ರೀಮಿಯರ್ ಪದ್ಮಿನಿಗೆ ಈ ಕಸರತ್ತು ಬೇಕಿರಲಿಲ್ಲ. ಮುಂದಿನಿಂದ ಹ್ಯಾಂಡಲ್ ತೂರಿಸಿದರೆ ಆಯಿತು. ಅಂಬಾಸಿಡರಿನಲ್ಲೂ ಹಾಗೆಯೇ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಮುಂಬೈ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್‌ಗೆ ಆ ಕಾಳಿ-ಪೀಲಿ ರಸ್ತೆಯಿಂದ ಮಾಯವಾಯಿತು. ಹವ್ಯಾಸಕ್ಕೆ ಇಟ್ಟುಕೊಂಡವರ ಬಳಿ ಇನ್ನೂ ಇವೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ, ಹಿಡಿಯ ಸುತ್ತ ಬಳಸಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಅಂಗೈಯಿಂದ ಬಿಟ್ಟು ಹೋಗುತ್ತದೆ. ಬಳಸಿ ಹಿಡಿದಿದ್ದರೆ ಹೆಬ್ಬೆರಳು ಮುರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಬೇಡಿ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಬಂದ ಮೇಲೆಯೇ ಕಾರಿನವರ ಕೈಗಳಿಗೆ ಈ ಒದೆತ ತಪ್ಪುತ್ತಾ ಬಂದದ್ದು.

ಏನು ಮಾಡಿದರೂ ತಿರುಗದಿದ್ದರೆ

ಎಂಜಿನ್ ಸೀಜ್ ಆಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರುವ ಮುಂಚೆ ಮೂರು ವಿಷಯ ನೋಡಿ. ಗೇರ್ ನಿಜವಾಗಿಯೂ ನ್ಯೂಟ್ರಲ್‌ನಲ್ಲಿದೆಯಾ? ನಗಬೇಡಿ, ಹೊರಗಿನ ಬೆಲ್ಟಿನ ತಪಾಸಣೆವರೆಗೆ ಹೋಗಿ ಆಮೇಲೆ "ಶೆಟ್ರೇ, ಗಾಡಿ ಗೇರಲ್ಲೇ ಉಂಟಲ್ಲ!" ಅಂದ ಉದಾಹರಣೆಗಳಿವೆ. ಎರಡನೆಯದು, ಹೊರಗಿನ ಬೆಲ್ಟ್ ತೆಗೆದು ನೋಡಿ. ಆಲ್ಟರ್ನೇಟರ್ ಅಥವಾ ಎಸಿ ಪುಲ್ಲಿಯ ಬೇರಿಂಗ್ ಜಾಮ್ ಆಗಿದ್ದರೂ ಎಂಜಿನ್ನಿನದ್ದೇ ತಪ್ಪು ಅನ್ನಿಸುತ್ತದೆ. ಬೆಲ್ಟ್ ತೆಗೆದ ಮೇಲೆ ಎಂಜಿನ್ ತಿರುಗಿದರೆ ಬಚಾವ್. ಮೂರನೆಯದು, ಸೆಲ್ಫ್‌ನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿರಬಹುದು. ಟಾಪ್ ಗೇರ್ ಹಾಕಿ ಗಾಡಿಯನ್ನು ಹಿಂದೆ ಮುಂದೆ ಸ್ವಲ್ಪ ಅಲುಗಾಡಿಸಿದರೆ 'ಟಣ್' ಅಂತ ಬಿಡಿಸಿಕೊಳ್ಳುತ್ತದೆ.

ಈ ಮೂರೂ ಅಲ್ಲ ಅಂದರೆ ತುಕ್ಕು. ಪ್ರತಿ ಸಿಲಿಂಡರಿಗೂ ಪ್ಲಗ್ ತೂತಿನಿಂದ ಒಂದೆರಡು ಚಮಚ ಎಣ್ಣೆ ಬಿಡಿ. ಆಟೋಮ್ಯಾಟಿಕ್ ಗೇರಿಗೆ ಹಾಕುವ ಎಟಿಎಫ್ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಅದಕ್ಕೆ ಸಮಪಾಲು ಅಸಿಟೋನ್ ಬೆರೆಸುವವರೂ ಇದ್ದಾರೆ. ಬೇಗ ಹೊತ್ತಿಕೊಳ್ಳುವ ವಸ್ತು, ಮುಚ್ಚಿದ ಬೇಸ್‌ಮೆಂಟಿನಲ್ಲಿ ಬೇಡ. ಸ್ಪ್ರೇ ಡಬ್ಬಿಯ ತುಕ್ಕಿನ ಎಣ್ಣೆ ಬೋಲ್ಟಿಗೆ ಸರಿ, ಸಿಲಿಂಡರಿಗೆ ಅಷ್ಟು ಒಗ್ಗುವುದಿಲ್ಲ, ಬೇಗ ಆರಿಹೋಗುತ್ತದೆ.

ಎಣ್ಣೆ ಹಾಕಿ ಒಂದೆರಡು ದಿನ ಮರೆತುಬಿಡಿ. ನಮ್ಮವರಿಗೆ ಕಷ್ಟ ಆಗುವುದು ಈ ಕಾಯುವುದೇ. ಆಮೇಲೆ ರಾಡ್ ಹಾಕಿ ಮುಂದಕ್ಕೆ ಹಗುರವಾಗಿ ಒತ್ತಿ, ಬಿಡಿ. ಅಂಟಿದ ಎಂಜಿನ್ನಿಗೆ ಮಾತ್ರ ಹಿಂದಕ್ಕೂ ಒಂದು ಚೂರು ಒತ್ತಬಹುದು, ಬೋಲ್ಟ್ ಸಡಿಲವಾಗುವ ಮೊದಲು ನಿಲ್ಲಿಸಿ. ಒಂದು ಕೂದಲೆಳೆಯಷ್ಟು ಸರಿದರೂ ಗೆದ್ದ ಹಾಗೆ. ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಹೀಗೆ ಮಾಡಿಯೂ ವಾರದಲ್ಲಿ ಮಿಸುಕದಿದ್ದರೆ ಹೆಡ್ ಇಳಿಸಬೇಕು, ಅದು ಗ್ಯಾರೇಜಿನ ಕೆಲಸ.

ನೀರಲ್ಲಿ ನಿಂತ ಗಾಡಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಅಷ್ಟೆಲ್ಲ ಬೇಕಿಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ತುಂಬಲು ಒಂದೆರಡು ಗಂಟೆ ಜೋರು ಮಳೆಯೇ ಸಾಕು. ನೀರಲ್ಲಿ ಎಂಜಿನ್ ಆಫ್ ಆಯಿತು ಅಂದರೆ ಮತ್ತೆ ಕೀ ಮುಟ್ಟಬೇಡಿ. ಸುತ್ತ ಸೇರಿದ ಜನ "ಧಕ್ಕಾ ಮಾರೋ" ಅಂತ ಹುರುಪು ಕೊಡುತ್ತಾರೆ. ಕೈ ಮುಗಿದು ಬೇಡ ಅನ್ನಿ. ಧಕ್ಕಾ ಸ್ಟಾರ್ಟ್ ಆದಾಗ ಇಡೀ ಗಾಡಿಯ ಭಾರ ಆ ಒಂದು ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತದೆ.

ನೀರು ಇಳಿದ ಮೇಲೆ ಮೊದಲು ಫೋಟೊ. ಒಳಗೆ, ಹೊರಗೆ, ನೀರಿನ ಗುರುತು ಎಲ್ಲಿವರೆಗೆ ಬಂದಿದೆ ಅನ್ನುವುದು. ಏನನ್ನೂ ಬಿಚ್ಚುವ ಮೊದಲು ಇನ್ಶೂರೆನ್ಸ್‌ನವರಿಗೆ ತಿಳಿಸಿ. ಸಾಮಾನ್ಯ ಪಾಲಿಸಿಯಲ್ಲಿ ನೀರು ಹೋದ ಮೇಲೆ ಸೆಲ್ಫ್ ಹೊಡೆದು ಕೆಟ್ಟ ಎಂಜಿನ್ನಿಗೆ ದುಡ್ಡು ಸಿಗುವುದು ಕಷ್ಟ. ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಅಂತ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಕ್ಲೇಮ್ ಮಾಡುವವರು ಇಲ್ಲಿಗೇ ನಿಲ್ಲಿಸಿ, ಸರ್ವೇಯರ್ ಬರಲಿ.

ಕ್ಲೇಮ್ ಇಲ್ಲ, ನೀವೇ ನೋಡುತ್ತೀರಿ ಅಂದರೆ ಬ್ಯಾಟರಿ ಬಿಚ್ಚಿ, ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಫಿಲ್ಟರ್ ಒಣಗಿದ್ದರೆ ಅರ್ಧ ಚಿಂತೆ ಕಡಿಮೆ. ಒದ್ದೆಯಾಗಿದ್ದರೆ ನೀರು ಒಳಗೆ ಹೋಗಿದೆ ಅಂತಲೇ ಹಿಡಿಯಿರಿ. ನಂತರ ಡಿಪ್‌ಸ್ಟಿಕ್. ಎಣ್ಣೆ ಬಿಳಿಚಿಕೊಂಡು ನೊರೆ ಬಂದಿದ್ದರೆ, ಅಥವಾ ಮಟ್ಟ ಮೇಲಿನ ಗೆರೆಗಿಂತ ಏರಿದ್ದರೆ, ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸುವವರೆಗೆ ತಿರುಗಿಸುವುದೂ ಬೇಡ. ನೀರು ಬೆರೆತ ಎಣ್ಣೆ ಬೇರಿಂಗ್ ಕಾಯುವುದಿಲ್ಲ.

ಆಮೇಲೆ ಎಲ್ಲ ಪ್ಲಗ್ ಬಿಚ್ಚಿ, ಮುಖ ಪಕ್ಕಕ್ಕಿಟ್ಟು, ನಿಧಾನವಾಗಿ ತಿರುಗಿಸಿ. ನೀರಿರುವ ಸಿಲಿಂಡರಿನ ತೂತಿನಿಂದ ಮೊದಲು ಗುಳುಗುಳು ಸದ್ದು ಬರುತ್ತದೆ. ಇನ್ನೊಂದು ಕಾಲು ಸುತ್ತಿಗೆ ಮಣ್ಣುಬಣ್ಣದ ನೀರು ಉಕ್ಕಿ ಹೆಡ್ ಕವರ್ ಮೇಲೆ ಹರಿಯುತ್ತದೆ. ಬಟ್ಟೆಯಿಂದ ಹೀರಿಸಿ. ಬರೀ ಗಾಳಿ ಬರುವವರೆಗೆ ತಿರುಗಿಸುತ್ತಾ ಇರಿ. ಅದೇ ದಿನ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆರಡು ಸುತ್ತು ತಿರುಗಿಸಿ. ಒದ್ದೆ ಕಬ್ಬಿಣಕ್ಕೆ ಮುಂಬೈ ಗಾಳಿಯಲ್ಲಿ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು.

ಕನೆಕ್ಟಿಂಗ್ ರಾಡ್ ಆಗಲೇ ಬಗ್ಗಿದೆಯಾ ಅನ್ನುವುದಕ್ಕೆ ಸ್ಟ್ರಾ ಉಪಯೋಗಕ್ಕೆ ಬರುತ್ತದೆ. ಅದನ್ನು ಪ್ಲಗ್ ತೂತಿನಿಂದ ಪಿಸ್ಟನ್ ಮೇಲೆ ನಿಲ್ಲಿಸಿ, ಎಂಜಿನ್ ತಿರುಗಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗ ಸ್ಟ್ರಾ ಏರುವುದು ನಿಲ್ಲುತ್ತದೆ. ಅಲ್ಲಿ ತೂತಿನ ಅಂಚಿಗೆ ಸರಿಯಾಗಿ ಪೆನ್ನಿನಿಂದ ಗುರುತು ಹಾಕಿ. ಎಲ್ಲ ಸಿಲಿಂಡರಿಗೂ ಹೀಗೇ ಮಾಡಿ. ಒಂದರ ಗುರುತು ಸ್ಟ್ರಾದಲ್ಲಿ ಬೇರೆಯವಕ್ಕಿಂತ ಎದ್ದು ಕಾಣುವಷ್ಟು ಮೇಲಿದ್ದರೆ, ಅಂದರೆ ಅಲ್ಲಿ ಸ್ಟ್ರಾ ಹೆಚ್ಚು ಆಳಕ್ಕೆ ಇಳಿದಿದ್ದರೆ, ಆ ರಾಡ್ ಬಗ್ಗಿ ಗಿಡ್ಡವಾಗಿದೆ. ಸ್ಕ್ರೂಡ್ರೈವರ್ ಹಾಕಬೇಡಿ. ಓರೆಯಾಗಿ ಸಿಕ್ಕಿಕೊಂಡರೆ ಪಿಸ್ಟನ್ನಿಗೂ ಥ್ರೆಡ್ಡಿಗೂ ಗಾಯ.

ಮತ್ತೆ ಸ್ಟಾರ್ಟ್ ಮಾಡುವಾಗ

ಮೊದಲು ಗೋಟಿ, ರಾಡ್ ಎಲ್ಲ ಹೊರಗೆ ಬಂತಾ ನೋಡಿ. ಪುಲ್ಲಿಯ ಮೇಲೆ ಗೋಟಿ ಬಿಟ್ಟು ಸೆಲ್ಫ್ ಹೊಡೆದರೆ ಅದು ಎಲ್ಲಿಗೆ ಹಾರುತ್ತದೋ ಹೇಳಲಾಗುವುದಿಲ್ಲ. ಪುಲ್ಲಿ ಬೋಲ್ಟ್ ಬಿಗಿ ಇದೆಯಾ ಅಂತಲೂ ಒಮ್ಮೆ ನೋಡಿ.

ಪ್ಲಗ್ ಇನ್ನೂ ಹಾಕಬೇಡಿ. ಫ್ಯುಯಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರ್ ಬಿಚ್ಚಿಯೇ ಇಟ್ಟು, ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಕಿ, ಬ್ಯಾಟರಿ ಜೋಡಿಸಿ. ಆಗ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ. ಉಳಿದ ಎಣ್ಣೆ, ನೀರು ಎಲ್ಲ ಬಟ್ಟೆಗೆ ಬರುತ್ತದೆ. ಸಿಲಿಂಡರಿಗೆ ನೀವೇ ಬಿಟ್ಟ ಎಣ್ಣೆಯೂ ಜಾಸ್ತಿಯಾದರೆ ನೀರಿನ ಹಾಗೇ ಅಡ್ಡ ನಿಲ್ಲುತ್ತದೆ, ಹಾಗಾಗಿ ಈ ಹಂತ ಬಿಡುವ ಹಾಗಿಲ್ಲ. ಡ್ಯಾಶ್‌ಬೋರ್ಡಿನ ಎಣ್ಣೆಯ ಕೆಂಪು ದೀಪ ಆರಿದರೆ ಪಂಪ್ ಎಣ್ಣೆ ಏರಿಸಿದೆ ಅಂತ ಅರ್ಥ.

ಈಗ ಪ್ಲಗ್‌ಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಿಂದ ಬಿಗಿ ಮಾಡಿ. ಕಾಯಿಲ್, ಫ್ಯೂಸ್ ವಾಪಸ್ ಹಾಕಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಬಿಳಿ ಅಥವಾ ನೀಲಿ ಹೊಗೆ ಬರುತ್ತದೆ. ಒಳಗಿದ್ದ ಎಣ್ಣೆ ಉರಿಯುವುದು ಅದು. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಸೊಸೈಟಿ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಗಾಡಿಯ ವಿಡಿಯೊ ಬರುತ್ತದೆ. ಹತ್ತು ನಿಮಿಷದ ಮೇಲೂ ಹೊಗೆ ಕಡಿಮೆಯಾಗದಿದ್ದರೆ, ಅಥವಾ ಒಳಗಿನಿಂದ ತಾಳಕ್ಕೆ ಸರಿಯಾಗಿ 'ಟಕ ಟಕ' ಅಂತ ಬಡಿತ ಕೇಳಿದರೆ ತಕ್ಷಣ ಆಫ್ ಮಾಡಿ.

ನಿಂತ ಗಾಡಿಯನ್ನು ವಾರಕ್ಕೊಮ್ಮೆ ಕೈಯಿಂದ ತಿರುಗಿಸುತ್ತಿರಬೇಕಾ ಅಂತ ಕೆಲವರು ಕೇಳುತ್ತಾರೆ. ನನಗೇನೋ ಅದು ಅಷ್ಟು ಪ್ರಯೋಜನ ಅನ್ನಿಸುವುದಿಲ್ಲ. ಕೈಯಿಂದ ತಿರುಗಿಸಿದರೆ ರಿಂಗುಗಳ ಜಾಗ ಬದಲಾಗುತ್ತದೆ, ಎಣ್ಣೆ ಮೇಲಕ್ಕೆ ಏರುವುದಿಲ್ಲ. ಊರಿಗೆ ಹೋಗುವಾಗ ನಂಬಿಕೆಯವರ ಕೈಗೆ ಕೀ ಕೊಟ್ಟು, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ಅನ್ನಿ. ಪಾರ್ಕಿಂಗ್‌ನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ. ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಒಳಗೆ ಹುಟ್ಟಿದ ನೀರಾವಿ ಅಲ್ಲೇ ಉಳಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ.

ತುಕ್ಕು ಬಿಡಿಸಿದ ಎಂಜಿನ್ನಿನಲ್ಲಿ ಸ್ಟಾರ್ಟ್ ಆದ ದಿನವೇ ಆಯಿಲ್ ಬದಲಾಯಿಸಿ. ನೀರು ಕುಡಿದದ್ದಾದರೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬದಲಾಯಿಸಿ, ಗೇರ್ ಆಯಿಲ್ ಕೂಡ ತೆಗೆಸಿ ನೋಡಿ. ಚಕ್ರ ಬಿಚ್ಚಿದ್ದರೆ ನಟ್ಟುಗಳನ್ನು ಎಂಟತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.